ಭಾರತದ ಆರ್ಥಿಕತೆಯ ಮೇಲೆ ಸಾಂಕ್ರಾಮಿಕ ಪಿಡುಗುಗಳ ಪರಿಣಾಮ

ಒಂದು ಪ್ರದೇಶದಲ್ಲಿ ಕಾಣಿಸಿಕೊಂಡು ಹಲವು ದೇಶಗಳಿಗೆ ಹರಡುವ ರೋಗವನ್ನು ಜಾಗತಿಕ ಸಾಂಕ್ರಾಮಿಕ ಅಥವಾ ಮಹಾಪಿಡುಗು ಎಂದು ಕರೆಯಲಾಗುತ್ತದೆ. ಇಂತಹ ಪಿಡುಗುಗಳು ಜೀವಹಾನಿಯ ಜೊತೆಗೆ ದೇಶದ ಉತ್ಪಾದನೆ, ಉದ್ಯೋಗ, ಕೂಲಿ, ಬೆಲೆ, ವ್ಯಾಪಾರ ಹಾಗೂ ಸರ್ಕಾರದ ಬೊಕ್ಕಸದ ಮೇಲೆ ದೀರ್ಘಕಾಲದ ಪರಿಣಾಮವನ್ನು ಬೀರುತ್ತವೆ. ಭಾರತವು ಕಳೆದ ಒಂದೂಕಾಲು ಶತಮಾನದಲ್ಲಿ ಇಂತಹ ಮೂರು ದೊಡ್ಡ ಪಿಡುಗುಗಳನ್ನು ಕಂಡಿದೆ: 1896ರಲ್ಲಿ ಮುಂಬಯಿಯಲ್ಲಿ ಆರಂಭವಾದ ಪ್ಲೇಗು, 1918ರ ಇನ್‌ಫ್ಲುಯೆಂಜಾ ಮತ್ತು 2020ರ ಕೋವಿಡ್-19. ಇವು ಮೂರೂ ಅರ್ಥವ್ಯವಸ್ಥೆಗೆ ಒಂದೇ ಬಗೆಯ ಪೆಟ್ಟು ಕೊಡಲಿಲ್ಲ. ಪ್ಲೇಗು ಜನರನ್ನು ನಗರಗಳಿಂದ ಓಡಿಸಿತು. ಇನ್‌ಫ್ಲುಯೆಂಜಾ ದುಡಿಯುವ ವಯಸ್ಸಿನವರನ್ನೇ ಹೆಚ್ಚಾಗಿ ಬಲಿ ತೆಗೆದುಕೊಂಡಿತು. ಕೋವಿಡ್ ಕಾಲದಲ್ಲಿ ದುಡಿಯುವ ಕೈಗಳಿದ್ದರೂ ಸರ್ಕಾರದ ಆಜ್ಞೆಯಂತೆ ಕೆಲಸವೇ ನಿಂತಿತು.

ಪರಿಣಾಮ ಉಂಟಾಗುವ ಬಗೆ

ಬರಗಾಲದಲ್ಲಿ ಬೆಳೆ ಹಾಳಾಗುತ್ತದೆ, ಯುದ್ಧದಲ್ಲಿ ಕಾರ್ಖಾನೆ, ಸೇತುವೆಗಳು ನಾಶವಾಗುತ್ತವೆ. ಪಿಡುಗಿನಲ್ಲಿ ಹೊಲ, ಯಂತ್ರ, ರಸ್ತೆ ಎಲ್ಲವೂ ಇದ್ದಲ್ಲಿಯೇ ಇರುತ್ತವೆ. ಮನುಷ್ಯರು ಮಾತ್ರ ಒಬ್ಬರ ಬಳಿಗೆ ಒಬ್ಬರು ಬರಲಾರದಂತಾಗುತ್ತಾರೆ. ಕೆಲಸಗಾರರು ಬಾರದೆ ಸರಕು ತಯಾರಾಗುವುದಿಲ್ಲ; ಇದು ಪೂರೈಕೆಯ ಕಡೆಯಿಂದ ಬೀಳುವ ಪೆಟ್ಟು. ಕೂಲಿ ಸಿಗದವರು ಸರಕು ಕೊಳ್ಳುವುದಿಲ್ಲ, ಕೂಲಿ ಇದ್ದವರೂ ಮುಂದೇನೋ ಎಂಬ ಅಂಜಿಕೆಯಿಂದ ಹಣವನ್ನು ಕೈಯಲ್ಲಿಯೇ ಉಳಿಸಿಕೊಳ್ಳುತ್ತಾರೆ. ಇದು ಬೇಡಿಕೆಯ ಕಡೆಯಿಂದ ಬೀಳುವ ಪೆಟ್ಟು. ಎರಡೂ ಒಟ್ಟಿಗೆ ಬೀಳುವುದರಿಂದ ಸಾಮಾನ್ಯ ಹಿಂಜರಿತಕ್ಕೆ ಬಳಸುವ ಮದ್ದು ಇಲ್ಲಿ ಪೂರ್ತಿಯಾಗಿ ನಾಟುವುದಿಲ್ಲ. ಬಡ್ಡಿಯ ದರವನ್ನು ಎಷ್ಟೇ ಇಳಿಸಿದರೂ ಬಾಗಿಲು ಮುಚ್ಚಿದ ಹೋಟೆಲಿಗೆ ಗಿರಾಕಿ ಬರಲಾರ.

ದೀರ್ಘಾವಧಿಯ ಪರಿಣಾಮವು ಸತ್ತವರು ಯಾರು ಎಂಬುದನ್ನು ಅವಲಂಬಿಸಿರುತ್ತದೆ. ಹದಿನಾಲ್ಕನೆಯ ಶತಮಾನದ ಯುರೋಪಿನಲ್ಲಿ ಪ್ಲೇಗಿನಿಂದ ಜನಸಂಖ್ಯೆ ಭಾರಿ ಪ್ರಮಾಣದಲ್ಲಿ ಕುಗ್ಗಿ, ಉಳಿದ ಕೆಲಸಗಾರರ ಕೂಲಿ ಏರಿತು; ಅದನ್ನು ತಡೆಯಲು ಇಂಗ್ಲೆಂಡಿನಲ್ಲಿ 1351ರಲ್ಲಿ ಶಾಸನವನ್ನೇ ತರಬೇಕಾಯಿತು. ಎಲ್ಲ ಪಿಡುಗುಗಳೂ ಉಳಿದವರ ಕೂಲಿಯನ್ನು ಏರಿಸುತ್ತವೆ ಎಂದು ಇದರಿಂದ ತೀರ್ಮಾನಿಸುವುದು ಸರಿಯಲ್ಲ. ಕೋವಿಡ್ ಸಂದರ್ಭದಲ್ಲಿ ಮರಣ ಹೊಂದಿದವರಲ್ಲಿ ವಯಸ್ಸಾದವರ ಪಾಲು ದೊಡ್ಡದಾಗಿತ್ತು. ಕಾರ್ಮಿಕರ ಕೊರತೆಯ ಬದಲು ಕೆಲಸದ ಕೊರತೆಯೇ ಎದುರಾಯಿತು.

1896ರ ಪ್ಲೇಗು

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಪತ್ತೆಯಾಯಿತು. ಸುಮಾರು ಎಂಟು ಲಕ್ಷ ಜನರಿದ್ದ ನಗರದಿಂದ ಮುಂದಿನ ಕೆಲವೇ ತಿಂಗಳುಗಳಲ್ಲಿ ಅರ್ಧದಷ್ಟು ಮಂದಿ ಊರು ಬಿಟ್ಟರು. ಹತ್ತಿಗಿರಣಿಗಳಿಗೆ ಕೆಲಸಗಾರರು ಸಿಗದಂತಾಯಿತು. ಅಲ್ಲಿಯವರೆಗೆ ತಿಂಗಳ ಸಂಬಳವನ್ನು ತಡವಾಗಿ ಕೊಡುತ್ತಿದ್ದ ಗಿರಣಿಗಳು ದಿನದಿನವೂ ಕೂಲಿ ಕೊಡಲು ಒಪ್ಪಿದವು. ಬೀದಿಯ ಮೂಲೆಗಳಲ್ಲಿ ಕೆಲಸಗಾರರಿಗಾಗಿ ಮಾಲೀಕರ ಪೈಪೋಟಿ ನಡೆಯಿತು. ಹೊರದೇಶಗಳ ಬಂದರುಗಳು ಮುಂಬಯಿಯ ಹಡಗುಗಳನ್ನು ತಡೆದು ನಿಲ್ಲಿಸಿದ್ದರಿಂದ ರಫ್ತು ವ್ಯಾಪಾರಕ್ಕೂ ಹೊಡೆತ ಬಿದ್ದಿತು.

ರೋಗವನ್ನು ಹತೋಟಿಗೆ ತರಲು ಬ್ರಿಟಿಷ್ ಸರ್ಕಾರವು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೊಳಿಸಿತು. ಕೆಲವೇ ಪರಿಚ್ಛೇದಗಳ ಈ ಪುಟ್ಟ ಕಾಯಿದೆಯು ಅಧಿಕಾರಿಗಳಿಗೆ ಮನೆಗಳನ್ನು ಶೋಧಿಸುವ, ಪ್ರಯಾಣಿಕರನ್ನು ತಡೆಯುವ ವ್ಯಾಪಕ ಅಧಿಕಾರವನ್ನು ಕೊಟ್ಟಿತು. ಪುಣೆಯಲ್ಲಿ ಇದರ ಬಳಕೆ ಎಷ್ಟು ಒರಟಾಗಿತ್ತೆಂದರೆ ಪ್ಲೇಗು ಅಧಿಕಾರಿ ರಾಂಡ್ ಅದೇ ವರ್ಷದ ಜೂನ್ 22ರಂದು ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದನು. 123 ವರ್ಷಗಳ ಬಳಿಕ 2020ರಲ್ಲಿ ಸ್ವತಂತ್ರ ಭಾರತದ ರಾಜ್ಯಗಳು ಕೋವಿಡ್ ನಿಯಂತ್ರಣಕ್ಕೆ ಆಶ್ರಯಿಸಿದ್ದು ಇದೇ ಕಾಯಿದೆಯನ್ನು.

ಪ್ಲೇಗು ರೈಲುಮಾರ್ಗದ ಮೂಲಕ ದಕ್ಷಿಣಕ್ಕೆ ಸಾಗಿ ಧಾರವಾಡ, ಹುಬ್ಬಳ್ಳಿಗಳನ್ನು ತಲುಪಿತು. ಹುಬ್ಬಳ್ಳಿಯಲ್ಲಿ 1898ರಲ್ಲಿ ಹಾಫ್ಕಿನ್ ಕಂಡುಹಿಡಿದ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ರೋಗ ಬೆಂಗಳೂರಿಗೂ ಬಂದಿತು. ಹಳ್ಳಿಗಳಲ್ಲಿ ಇಲಿ ಬಿದ್ದರೆ ಊರು ತೆರವು ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕುವುದು ಮುಂದಿನ ಎರಡು ಮೂರು ದಶಕಗಳ ರೂಢಿಯಾಯಿತು. ಸುಗ್ಗಿಯ ಕಾಲದಲ್ಲಿ ಊರು ಬಿಟ್ಟವರ ನಷ್ಟ ಯಾವ ಸರ್ಕಾರಿ ಲೆಕ್ಕಕ್ಕೂ ಸೇರುವಂತಹುದಲ್ಲ. ಇನ್ನೊಂದೆಡೆ, ಇಕ್ಕಟ್ಟಾದ ಪೇಟೆಯ ಹೊರಗೆ ಅಗಲವಾದ ಬೀದಿಗಳ ಬಡಾವಣೆಗಳು ಬೆಳೆಯಲು ಪ್ಲೇಗು ಒತ್ತಾಸೆಯಾಯಿತು. ಬೆಂಗಳೂರಿನ ಮಲ್ಲೇಶ್ವರ ಮತ್ತು ಬಸವನಗುಡಿಗಳು ಈ ಅವಧಿಯಲ್ಲಿ ಬೆಳೆದವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ಮುಂಬಯಿಯ ಇಂತಹುದೇ ಸಂಸ್ಥೆ 1898ರಷ್ಟು ಹಿಂದಿನದು.

1918ರ ಇನ್‌ಫ್ಲುಯೆಂಜಾ

ಮೊದಲ ಮಹಾಯುದ್ಧದ ಕೊನೆಯ ವರ್ಷ ಜೂನ್ ತಿಂಗಳಲ್ಲಿ ಈ ಜ್ವರವು ಮುಂಬಯಿ ಬಂದರಿನ ಮೂಲಕ ದೇಶವನ್ನು ಪ್ರವೇಶಿಸಿತು. ಸೆಪ್ಟೆಂಬರಿನಿಂದ ಎದ್ದ ಎರಡನೆಯ ಅಲೆ ಅತ್ಯಂತ ಭೀಕರವಾಗಿತ್ತು. ಮರಣಗಳ ಅಂದಾಜು 1.2 ಕೋಟಿಯಿಂದ 2 ಕೋಟಿಯವರೆಗೆ ಇದೆ. ಜಗತ್ತಿನ ಯಾವ ದೇಶದಲ್ಲಿಯೂ ಆ ಪಿಡುಗಿನಿಂದ ಇಷ್ಟು ಮಂದಿ ಸಾಯಲಿಲ್ಲ. ಇಂದಿನ ಭಾರತದ ಗಡಿಗಳಿಗೆ ಹೊಂದಿಸಿದ ಜನಗಣತಿಯ ಲೆಕ್ಕದಂತೆ 1911ರಲ್ಲಿ 25.21 ಕೋಟಿ ಇದ್ದ ಜನಸಂಖ್ಯೆ 1921ರಲ್ಲಿ 25.13 ಕೋಟಿಗೆ ಇಳಿಯಿತು. ದೇಶದ ಜನಗಣತಿಯ ಇತಿಹಾಸದಲ್ಲಿ ಜನಸಂಖ್ಯೆ ಕಡಿಮೆಯಾದ ದಶಕ ಇದೊಂದೇ.

ಆರ್ಥಿಕವಾಗಿ ಈ ಪಿಡುಗು ಬಂದ ಗಳಿಗೆ ಇನ್ನಷ್ಟು ಕೆಟ್ಟದಾಗಿತ್ತು. 1918ರ ಮುಂಗಾರು ಕೈಕೊಟ್ಟಿತ್ತು. ಯುದ್ಧದ ವೆಚ್ಚದಿಂದ ಬೆಲೆಗಳು ಆಗಲೇ ಏರಿದ್ದವು. ಬೆಳೆಯೂ ಹೋಗಿ ಧಾನ್ಯದ ಬೆಲೆ ಮತ್ತೂ ಏರಿತು. ಬಿತ್ತನೆ, ಕೊಯ್ಲುಗಳ ಹೊತ್ತಿಗೆ ಮನೆಯ ದುಡಿಯುವ ಗಂಡಸರೂ ಹೆಂಗಸರೂ ಹಾಸಿಗೆ ಹಿಡಿದಿದ್ದರು. ಈ ಜ್ವರವು ಮಕ್ಕಳು ಮುದುಕರಿಗಿಂತ 20ರಿಂದ 40ರ ಪ್ರಾಯದವರನ್ನು ಹೆಚ್ಚಾಗಿ ಕೊಂದದ್ದು ಅದರ ವಿಶೇಷ. ಬರ, ಬೆಲೆಯೇರಿಕೆ, ಜ್ವರಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಈ ದುರಂತವು ಅರ್ಥಶಾಸ್ತ್ರದ ಒಂದು ಪ್ರಸಿದ್ಧ ವಾದಕ್ಕೆ ವಸ್ತುವಾಯಿತು. ಭಾರತದಂತಹ ದೇಶಗಳ ಹೊಲಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಜನ ದುಡಿಯುತ್ತಿದ್ದಾರೆ, ಅವರಲ್ಲಿ ಕೆಲವರನ್ನು ತೆಗೆದರೂ ಉತ್ಪಾದನೆ ಕುಗ್ಗದು ಎಂಬ ನಂಬಿಕೆ 1950ರ ದಶಕದಲ್ಲಿ ಬಲವಾಗಿತ್ತು. ಅಮೆರಿಕದ ಅರ್ಥಶಾಸ್ತ್ರಜ್ಞ ಥಿಯೊಡೋರ್ ಷುಲ್ಟ್ಸ್ ಅವರು 1964ರ ತಮ್ಮ ಗ್ರಂಥದಲ್ಲಿ ಇದನ್ನು 1918ರ ಅಂಕಿಅಂಶಗಳಿಂದ ಪರೀಕ್ಷಿಸಿದರು. ಪಿಡುಗಿನಿಂದ ಕೃಷಿ ಕಾರ್ಮಿಕರ ಸಂಖ್ಯೆ ಸುಮಾರು ಶೇ. 8ರಷ್ಟು ಕುಗ್ಗಿತ್ತು, 1916-17ಕ್ಕೆ ಹೋಲಿಸಿದರೆ 1919-20ರಲ್ಲಿ ಬಿತ್ತನೆಯ ಪ್ರದೇಶ ಶೇ. 3.8ರಷ್ಟು ಕಡಿಮೆಯಾಗಿತ್ತು. ಹೆಚ್ಚುವರಿ ಕಾರ್ಮಿಕರು ನಿಜವಾಗಿಯೂ ಇದ್ದಿದ್ದರೆ ಬಿತ್ತನೆ ಕುಗ್ಗಬಾರದಿತ್ತು ಎಂಬುದು ಅವರ ವಾದ. ಅಮರ್ತ್ಯ ಸೇನ್ ಅವರು 1967ರಲ್ಲಿ ಇದನ್ನು ವಿಮರ್ಶಿಸಿದರು. ಹೆಚ್ಚುವರಿ ಕೈಗಳು ಹೊಲವನ್ನು ಬಿಟ್ಟುಹೋಗುವುದೂ ಪಿಡುಗಿನಲ್ಲಿ ಜನ ಸಾಯುವುದೂ ಒಂದೇ ಅಲ್ಲ. ಸಾವು ಎಲ್ಲ ಕುಟುಂಬಗಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಒಂದು ಮನೆಯಲ್ಲಿ ಎಲ್ಲರೂ ಸತ್ತರೆ ಅವರ ಹೊಲ ಬೀಳು ಬೀಳುತ್ತದೆ, ಪಕ್ಕದ ಮನೆಯಲ್ಲಿ ಕೈಗಳು ಹೆಚ್ಚಾಗಿದ್ದರೂ ಅದು ಕೂಡಲೇ ಅವರ ಪಾಲಿಗೆ ಬರುವುದಿಲ್ಲ. ಷುಲ್ಟ್ಸ್ 1979ರಲ್ಲಿ, ಸೇನ್ 1998ರಲ್ಲಿ ನೊಬೆಲ್ ಪುರಸ್ಕಾರವನ್ನು ಪಡೆದರು. ಭಾರತದ ಹಳ್ಳಿಗಳ ಹೆಸರಿಲ್ಲದ ಸಾವುಗಳು ಇಂತಹ ಇಬ್ಬರು ವಿದ್ವಾಂಸರ ಚರ್ಚೆಯಲ್ಲಿ ಶೇಕಡಾವಾರು ಅಂಕಿಗಳಾಗಿ ಉಳಿದುಕೊಂಡಿವೆ.

ಸೂರತ್, 1994

ಮಹಾಪಿಡುಗಾಗಿ ಬೆಳೆಯದ ರೋಗವೂ ಕೇವಲ ಭಯದಿಂದ ಎಷ್ಟು ನಷ್ಟ ಮಾಡಬಲ್ಲದು ಎಂಬುದಕ್ಕೆ ಗುಜರಾತಿನ ಸೂರತ್ ಉದಾಹರಣೆ. 1994ರ ಸೆಪ್ಟೆಂಬರಿನಲ್ಲಿ ಅಲ್ಲಿ ಶ್ವಾಸಕೋಶದ ಪ್ಲೇಗು ಕಾಣಿಸಿಕೊಂಡ ಸುದ್ದಿ ಹರಡುತ್ತಲೇ ಲಕ್ಷಾಂತರ ಜನರು ರೈಲು, ಬಸ್ಸುಗಳಲ್ಲಿ ನಗರವನ್ನು ತೊರೆದರು. ವಜ್ರ ಹೊಳಪಿಸುವ ಮತ್ತು ಬಟ್ಟೆ ನೇಯುವ ಘಟಕಗಳು ಬಾಗಿಲು ಹಾಕಿದವು. ಕೆಲವು ದೇಶಗಳು ಭಾರತಕ್ಕೆ ವಿಮಾನಗಳನ್ನು ನಿಲ್ಲಿಸಿದವು, ಸರಕನ್ನು ತಡೆದವು, ಪ್ರವಾಸಿಗರು ಬರಲಿಲ್ಲ. ದೇಶದಲ್ಲಿ ಈ ರೋಗದಿಂದ ಸತ್ತವರು ಐವತ್ತರ ಆಸುಪಾಸು ಮಾತ್ರ. ಮರುವರ್ಷ ಪುರಸಭಾ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅವರ ಆಡಳಿತದಲ್ಲಿ ನಗರವು ಸ್ವಚ್ಛತೆಗೆ ಹೆಸರಾಯಿತು.

ಕೋವಿಡ್-19

ಭಾರತದ ಮೊದಲ ಕೋವಿಡ್ ಪ್ರಕರಣ 2020ರ ಜನವರಿ 30ರಂದು ಕೇರಳದಲ್ಲಿ ವರದಿಯಾಯಿತು. ಮಾರ್ಚ್ 23ರಂದು ಮುಂಬಯಿ ಷೇರುಪೇಟೆಯ ಸೂಚ್ಯಂಕ ಒಂದೇ ದಿನ ಶೇ. 13ಕ್ಕೂ ಹೆಚ್ಚು ಕುಸಿಯಿತು. ಮಾರ್ಚ್ 25ರಿಂದ 21 ದಿನಗಳ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು. ಘೋಷಣೆಗೂ ಜಾರಿಗೂ ನಡುವೆ ಇದ್ದ ಅಂತರ ಸುಮಾರು ನಾಲ್ಕು ಗಂಟೆ. ಹಂತ ಹಂತವಾಗಿ ಇದು ಮೇ 31ರವರೆಗೆ ವಿಸ್ತರಣೆಗೊಂಡಿತು.

ಉತ್ಪಾದನೆಯ ಕುಸಿತ

2020ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಜಿಡಿಪಿ ಎಂದೇ ರೂಢಿಯಲ್ಲಿರುವ ಒಟ್ಟು ದೇಶೀಯ ಉತ್ಪನ್ನವು ಹಿಂದಿನ ವರ್ಷದ ಅದೇ ಅವಧಿಗಿಂತ ಶೇ. 23.9ರಷ್ಟು ಕುಸಿಯಿತೆಂದು ಸರ್ಕಾರದ ಮೊದಲ ಅಂದಾಜು ತಿಳಿಸಿತು. ನಂತರ ಇದನ್ನು ಶೇ. 24.4ಕ್ಕೆ ಪರಿಷ್ಕರಿಸಲಾಯಿತು. ಮೊದಲ ಅಂದಾಜಿನಂತೆ ನಿರ್ಮಾಣ ವಲಯ ಶೇ. 50.3, ವ್ಯಾಪಾರ, ಹೋಟೆಲು, ಸಾರಿಗೆಗಳು ಸೇರಿದ ವಲಯ ಶೇ. 47, ತಯಾರಿಕೆ ಶೇ. 39.3ರಷ್ಟು ಇಳಿದವು. ಬೆಳವಣಿಗೆ ಕಂಡದ್ದು ಕೃಷಿಯೊಂದೇ, ಶೇ. 3.4. ಹಿಂಗಾರಿನ ಕೊಯ್ಲಿಗೆ ವಿನಾಯಿತಿ ದೊರೆತದ್ದು, ಮಳೆ ಚೆನ್ನಾಗಿ ಆದದ್ದು ಇದಕ್ಕೆ ಕಾರಣ. 2020-21ರಲ್ಲಿ ಆಹಾರಧಾನ್ಯದ ಉತ್ಪಾದನೆ ಸುಮಾರು 31 ಕೋಟಿ ಟನ್ನುಗಳನ್ನು ಮುಟ್ಟಿ ಅದುವರೆಗಿನ ದಾಖಲೆಯಾಯಿತು. ಇಡೀ ವರ್ಷದ ಕುಸಿತವನ್ನು ಮೊದಲು ಶೇ. 7.3 ಎಂದು ಪ್ರಕಟಿಸಿ, ಪರಿಷ್ಕರಣೆಗಳ ಬಳಿಕ ಶೇ. 5.8 ಎಂದು ನಿಗದಿಪಡಿಸಲಾಯಿತು. ಅಸಂಘಟಿತ ವಲಯದ ಸಣ್ಣ ಘಟಕಗಳು ಪ್ರತಿ ತ್ರೈಮಾಸಿಕದ ಲೆಕ್ಕಕ್ಕೆ ನೇರವಾಗಿ ಸಿಗುವುದಿಲ್ಲವಾದ್ದರಿಂದ ನಿಜವಾದ ಕುಸಿತ ಇನ್ನೂ ಹೆಚ್ಚಿರಬಹುದೆಂಬ ಅಭಿಪ್ರಾಯವೂ ಇದೆ.

ತೆರಿಗೆಯ ಲೆಕ್ಕವು ಆ ದಿನಗಳ ಸ್ಥಿತಿಯನ್ನು ಇನ್ನೂ ನೇರವಾಗಿ ತೋರಿಸುತ್ತದೆ. 2019ರ ಏಪ್ರಿಲಿನಲ್ಲಿ 1,13,865 ಕೋಟಿ ರೂಪಾಯಿ ಇದ್ದ ಜಿಎಸ್‌ಟಿ ಸಂಗ್ರಹ 2020ರ ಏಪ್ರಿಲಿನಲ್ಲಿ 32,172 ಕೋಟಿಗೆ ಇಳಿಯಿತು. ಕಚ್ಚಾ ತೈಲದ ಬೆಲೆ ಜಗತ್ತಿನಲ್ಲೆಲ್ಲ ಬಿದ್ದುಹೋಗಿದ್ದರೂ ಅದರ ಲಾಭ ವಾಹನ ಸವಾರರಿಗೆ ದಕ್ಕಲಿಲ್ಲ. ಬರಿದಾದ ಬೊಕ್ಕಸವನ್ನು ತುಂಬಲು ಕೇಂದ್ರವು ಮೇ ತಿಂಗಳಲ್ಲಿ ಅಬಕಾರಿ ಸುಂಕವನ್ನು ಲೀಟರಿಗೆ ಪೆಟ್ರೋಲಿನ ಮೇಲೆ 10 ರೂಪಾಯಿ, ಡೀಸೆಲಿನ ಮೇಲೆ 13 ರೂಪಾಯಿ ಏರಿಸಿತು.

ವಲಸೆ ಕಾರ್ಮಿಕರು

ನಗರಗಳ ಕಟ್ಟಡ, ಗಿರಣಿ, ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹೊರರಾಜ್ಯದ ಕೂಲಿಗಳು ಕೆಲಸ, ಊಟ, ಬಾಡಿಗೆ ಮೂರನ್ನೂ ಒಮ್ಮೆಲೇ ಕಳೆದುಕೊಂಡರು. ಬಹಳ ಮಂದಿಯ ಪಡಿತರ ಚೀಟಿ ಇದ್ದದ್ದು ಹುಟ್ಟೂರಿನಲ್ಲಿ; ಗೋದಾಮುಗಳಲ್ಲಿ ಧಾನ್ಯ ತುಂಬಿದ್ದರೂ ದುಡಿಯುವ ಊರಿನಲ್ಲಿ ಅವರಿಗೆ ಅದರ ಮೇಲೆ ಹಕ್ಕು ಇರಲಿಲ್ಲ. ಬಸ್ಸು, ರೈಲುಗಳಿಲ್ಲದೆ ನೂರಾರು ಮೈಲಿ ಕಾಲ್ನಡಿಗೆಯಲ್ಲಿ ಹೊರಟರು. ಮೇ 8ರಂದು ಮಹಾರಾಷ್ಟ್ರದ ಔರಂಗಾಬಾದ್ ಬಳಿ ದಣಿದು ಹಳಿಗಳ ಮೇಲೆ ಮಲಗಿದ್ದ 16 ಮಂದಿ ಸರಕು ರೈಲಿಗೆ ಸಿಕ್ಕಿ ಸತ್ತರು. ಮೇ 1ರಿಂದ ಓಡಿಸಲಾದ ಶ್ರಮಿಕ ವಿಶೇಷ ರೈಲುಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಜನರು ಊರು ಸೇರಿದರು.

ಕಾರ್ಮಿಕರು ಹಿಂದಿರುಗುವುದು ಎಲ್ಲರಿಗೂ ಬೇಕಾಗಿರಲಿಲ್ಲ. ಕರ್ನಾಟಕ ಸರ್ಕಾರವು ಕಟ್ಟಡ ನಿರ್ಮಾಣಗಾರರೊಂದಿಗಿನ ಸಭೆಯ ಬಳಿಕ ಮೇ 5ರಂದು ಈ ರೈಲುಗಳಿಗಾಗಿ ಸಲ್ಲಿಸಿದ್ದ ಕೋರಿಕೆಯನ್ನು ಹಿಂತೆಗೆದುಕೊಂಡು, ತೀವ್ರ ಟೀಕೆ ವ್ಯಕ್ತವಾದ ಮೇಲೆ ಕೆಲವೇ ದಿನಗಳಲ್ಲಿ ಆ ತೀರ್ಮಾನವನ್ನು ಬದಲಿಸಿತು. 1896ರಲ್ಲಿ ಮುಂಬಯಿಯ ಗಿರಣಿಗಳು ಓಡುತ್ತಿದ್ದವರನ್ನು ಉಳಿಸಿಕೊಳ್ಳಲು ಕೂಲಿಯನ್ನು ಹೆಚ್ಚಿಸಿದ್ದವು ಎಂಬುದು ಇಲ್ಲಿ ಸ್ಮರಣೀಯ.

ಊರಿಗೆ ಹೋದವರಿಗೆ ಆಸರೆಯಾದದ್ದು ಗ್ರಾಮೀಣ ಉದ್ಯೋಗ ಖಾತರಿ ಯೋಜನೆ. 2019-20ರಲ್ಲಿ ಸುಮಾರು 265 ಕೋಟಿ ಮಾನವ ದಿನಗಳ ಕೆಲಸ ಒದಗಿಸಿದ್ದ ಈ ಯೋಜನೆ 2020-21ರಲ್ಲಿ ಸುಮಾರು 389 ಕೋಟಿ ಮಾನವ ದಿನಗಳನ್ನು ಒದಗಿಸಿತು. ನಗರದ ಬಡವರಿಗೆ ಇಂತಹ ಯೋಜನೆ ಇರಲಿಲ್ಲ. ಸರ್ಕಾರದ ಶ್ರಮಬಲ ಸಮೀಕ್ಷೆಯಂತೆ 2020ರ ಏಪ್ರಿಲ್-ಜೂನ್ ಅವಧಿಯಲ್ಲಿ ನಗರಗಳ ನಿರುದ್ಯೋಗ ಸುಮಾರು ಶೇ. 21 ಮುಟ್ಟಿತ್ತು. ಒಟ್ಟು ದುಡಿಯುವವರಲ್ಲಿ ಕೃಷಿಯನ್ನು ಅವಲಂಬಿಸಿದವರ ಪಾಲು 2018-19ರ ಶೇ. 42.5ರಿಂದ 2020-21ರಲ್ಲಿ ಶೇ. 46.5ಕ್ಕೆ ಏರಿತು. ದಶಕಗಳಿಂದ ಇಳಿಯುತ್ತಾ ಬಂದಿದ್ದ ಪ್ರಮಾಣ ಹೀಗೆ ತಿರುಗಿದ್ದನ್ನು ಕೃಷಿಯ ಏಳಿಗೆ ಎನ್ನಲಾಗದು. ಬೇರೆಲ್ಲಿಯೂ ಕೆಲಸವಿಲ್ಲದವರನ್ನು ಅದೇ ತುಂಡು ಭೂಮಿ ಹೊರಬೇಕಾಯಿತು.

ಸರ್ಕಾರ ಮತ್ತು ರಿಸರ್ವ್ ಬ್ಯಾಂಕಿನ ಕ್ರಮಗಳು

ಮಾರ್ಚ್ 26ರಂದು 1.70 ಲಕ್ಷ ಕೋಟಿ ರೂಪಾಯಿಗಳ ಗರೀಬ್ ಕಲ್ಯಾಣ ಯೋಜನೆ ಪ್ರಕಟವಾಯಿತು. ಸುಮಾರು 80 ಕೋಟಿ ಜನರಿಗೆ ತಿಂಗಳಿಗೆ ತಲಾ 5 ಕಿಲೋ ಉಚಿತ ಧಾನ್ಯ, ಜನಧನ ಖಾತೆಯುಳ್ಳ ಮಹಿಳೆಯರಿಗೆ ಮೂರು ತಿಂಗಳು ತಲಾ 500 ರೂಪಾಯಿ ಇದರಲ್ಲಿ ಸೇರಿದ್ದವು. ಮೇ 12ರಂದು ಘೋಷಿಸಿದ ಆತ್ಮನಿರ್ಭರ ಭಾರತ ಯೋಜನೆಯ ಮೊತ್ತ 20 ಲಕ್ಷ ಕೋಟಿ, ಅಂದರೆ ಜಿಡಿಪಿಯ ಸುಮಾರು ಶೇ. 10. ಈ ಮೊತ್ತವನ್ನು ಓದುವಾಗ ಎಚ್ಚರ ಬೇಕು. ಇದರಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಒದಗಿಸಿದ ಸುಮಾರು 8 ಲಕ್ಷ ಕೋಟಿ ಹಾಗೂ ಸಣ್ಣ ಉದ್ದಿಮೆಗಳ 3 ಲಕ್ಷ ಕೋಟಿ ಸಾಲಕ್ಕೆ ಕೊಟ್ಟ ಖಾತರಿಯೂ ಸೇರಿದ್ದವು. ಸರ್ಕಾರ ತನ್ನ ಬೊಕ್ಕಸದಿಂದ ನೇರವಾಗಿ ಖರ್ಚು ಮಾಡಿದ್ದು ಇದರ ಒಂದು ಭಾಗ ಮಾತ್ರ. ಹಾಗಿದ್ದೂ ಕೇಂದ್ರದ ವಿತ್ತೀಯ ಕೊರತೆ ಮುಂಗಡಪತ್ರದಲ್ಲಿ ಅಂದಾಜಿಸಿದ ಶೇ. 3.5ರ ಬದಲು ಶೇ. 9ನ್ನು ದಾಟಿತು; ಆದಾಯ ಕುಸಿದದ್ದೂ ಜಿಡಿಪಿ ಕುಗ್ಗಿದ್ದೂ ಇದಕ್ಕೆ ಕಾರಣಗಳು.

ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ. 5.15ರಿಂದ ಮಾರ್ಚಿನಲ್ಲಿ ಶೇ. 4.40ಕ್ಕೂ ಮೇ ತಿಂಗಳಲ್ಲಿ ಶೇ. 4ಕ್ಕೂ ಇಳಿಸಿತು. ಸಾಲದ ಕಂತುಗಳನ್ನು ಆಗಸ್ಟ್ 31ರವರೆಗೆ ಮುಂದೂಡಲು ಅವಕಾಶ ನೀಡಿತು. ಮುಂದೂಡಿದ ಕಂತಿನ ಮೇಲೆ ಬಡ್ಡಿ ಬೆಳೆಯುತ್ತಲೇ ಇದ್ದದ್ದು ವಿವಾದವಾಗಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರಾಜ್ಯಗಳಿಗೆ ಕೊಡಬೇಕಾದ ಜಿಎಸ್‌ಟಿ ಪರಿಹಾರದ ಬಗ್ಗೆಯೂ ಕೇಂದ್ರ, ರಾಜ್ಯಗಳ ನಡುವೆ ಜಟಾಪಟಿ ನಡೆಯಿತು. ಕೊನೆಗೆ ಕೇಂದ್ರವೇ 2020-21ರಲ್ಲಿ 1.10 ಲಕ್ಷ ಕೋಟಿ ರೂಪಾಯಿ ಸಾಲವೆತ್ತಿ ರಾಜ್ಯಗಳಿಗೆ ವರ್ಗಾಯಿಸಿತು.

ಕರ್ನಾಟಕದಲ್ಲಿ

ಮದುವೆ, ಜಾತ್ರೆ, ಉತ್ಸವಗಳು ನಿಂತದ್ದರಿಂದ ಹೂವು ಬೆಳೆದವರು ಬೆಳೆಯನ್ನು ಹೊಲದಲ್ಲಿಯೇ ಬಿಡಬೇಕಾಯಿತು. ರಾಜ್ಯ ಸರ್ಕಾರವು ಮೇ 6ರಂದು ಪ್ರಕಟಿಸಿದ 1,610 ಕೋಟಿ ರೂಪಾಯಿಗಳ ನೆರವಿನಲ್ಲಿ ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಕ್ಷೌರಿಕರು, ಅಗಸರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಸೇರಿದ್ದವು. ನಿತ್ಯದ ಗಿರಾಕಿಯನ್ನೇ ನಂಬಿದ ಈ ಕಸುಬುಗಳಿಗೆ ಎರಡು ತಿಂಗಳ ಬಿಡುವು ಎಂದರೆ ಸಾಲವೇ. ಮದ್ಯದ ಮೇಲಿನ ಸುಂಕ ರಾಜ್ಯದ ಸ್ವಂತ ವರಮಾನದಲ್ಲಿ ದೊಡ್ಡ ಪಾಲು ಆದ್ದರಿಂದ ಮದ್ಯದಂಗಡಿಗಳು ಮೇ 4ರಂದೇ ತೆರೆದವು. ಮೊದಲ ದಿನದ ಮಾರಾಟ 45 ಕೋಟಿ ರೂಪಾಯಿ. ದೇವಾಲಯಗಳಿಗೂ ಹೋಟೆಲುಗಳಲ್ಲಿ ಕುಳಿತು ಉಣ್ಣುವುದಕ್ಕೂ ಜೂನ್ ತಿಂಗಳವರೆಗೆ ಅವಕಾಶವಿರಲಿಲ್ಲ.

ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಕಂಪನಿಗಳು ಕೆಲವೇ ದಿನಗಳಲ್ಲಿ ಕೆಲಸವನ್ನು ನೌಕರರ ಮನೆಗಳಿಗೆ ಸಾಗಿಸಿದವು. ದೇಶದ ಈ ಉದ್ಯಮ ಆ ವರ್ಷವೂ ಬೆಳೆಯಿತು. ಆದರೆ ಅದೇ ನೌಕರರನ್ನು ಅವಲಂಬಿಸಿದ್ದ ಪೇಯಿಂಗ್ ಗೆಸ್ಟ್ ಮನೆಗಳು, ದರ್ಶಿನಿಗಳು, ಕ್ಯಾಬುಗಳು ಖಾಲಿಯಾದವು.

ಚೇತರಿಕೆ

2021ರ ಏಪ್ರಿಲ್-ಮೇ ತಿಂಗಳುಗಳ ಎರಡನೆಯ ಅಲೆ ಜೀವಹಾನಿಯಲ್ಲಿ ಮೊದಲನೆಯದಕ್ಕಿಂತ ಘೋರವಾಗಿತ್ತು. ಅಧಿಕೃತ ಲೆಕ್ಕದಂತೆ ದೇಶದಲ್ಲಿ ಕೋವಿಡ್‌ನಿಂದ ಸತ್ತವರು ಐದು ಲಕ್ಷಕ್ಕೂ ಹೆಚ್ಚು. 2020 ಮತ್ತು 2021ರಲ್ಲಿ 47 ಲಕ್ಷ ಹೆಚ್ಚುವರಿ ಸಾವುಗಳಾದವೆಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ವಿಧಾನವನ್ನು ಭಾರತ ಸರ್ಕಾರ ಒಪ್ಪಲಿಲ್ಲ. ನಿರ್ಬಂಧಗಳನ್ನು ಈ ಬಾರಿ ರಾಜ್ಯಗಳೇ ವಿಧಿಸಿದ್ದರಿಂದ ಉತ್ಪಾದನೆಗೆ ಬಿದ್ದ ಪೆಟ್ಟು ಕಡಿಮೆಯಾಗಿತ್ತು. 2021ರ ಏಪ್ರಿಲ್-ಜೂನ್ ಅವಧಿಯ ಬೆಳವಣಿಗೆ ಶೇ. 20.1 ಎಂದು ಪ್ರಕಟವಾಯಿತು. ವಿದ್ಯಾರ್ಥಿಗಳು ಈ ಅಂಕಿಯನ್ನು ಬಿಡಿಯಾಗಿ ನೋಡಬಾರದು. 2019ರ ಅದೇ ಅವಧಿಯ ಉತ್ಪಾದನೆ 100 ಆಗಿತ್ತೆಂದು ಇಟ್ಟುಕೊಂಡರೆ, 2020ರಲ್ಲಿ ಅದು 75.6ಕ್ಕೆ ಇಳಿಯಿತು, ಅದರ ಮೇಲೆ ಶೇ. 20.1 ಏರಿದರೆ ಆಗುವುದು 90.8. ಅಂದರೆ ಎರಡು ವರ್ಷಗಳ ಹಿಂದಿನ ಮಟ್ಟಕ್ಕೆ ಇನ್ನೂ ಶೇ. 9ಕ್ಕೂ ಹೆಚ್ಚು ಕೊರತೆಯಿತ್ತು.

ಚೇತರಿಕೆ ಎಲ್ಲರಿಗೂ ಸಮನಾಗಿರಲಿಲ್ಲ. 2020ರ ಮಾರ್ಚಿನಲ್ಲಿ 26,000ಕ್ಕಿಂತ ಕೆಳಗೆ ಬಿದ್ದಿದ್ದ ಮುಂಬಯಿ ಷೇರು ಸೂಚ್ಯಂಕ 2021ರ ಜನವರಿಯಲ್ಲಿ 50,000ವನ್ನು ಮುಟ್ಟಿತು. ಕುಟುಂಬಗಳ ಹಣಕಾಸು ಉಳಿತಾಯ ಲಾಕ್‌ಡೌನಿನ ತ್ರೈಮಾಸಿಕದಲ್ಲಿ ಜಿಡಿಪಿಯ ಶೇ. 21ಕ್ಕೆ ಏರಿ, ಮುಂದಿನ ತ್ರೈಮಾಸಿಕದಲ್ಲಿ ಅದರ ಅರ್ಧಕ್ಕೆ ಇಳಿಯಿತು. ಸಂಬಳ ನಿಲ್ಲದವರು ಖರ್ಚು ಮಾಡಲಾಗದೆ ಉಳಿಸಿದರೆ, ಕೂಲಿ ನಿಂತವರು ಒಡವೆ ಅಡವಿಟ್ಟು ಬದುಕಿದರು; ಸರಾಸರಿಯಲ್ಲಿ ಎರಡನೆಯವರು ಕಾಣುವುದಿಲ್ಲ.

ಶಾಲೆಗಳು

ಪಿಡುಗಿನ ಆರ್ಥಿಕ ನಷ್ಟಗಳಲ್ಲಿ ಅತ್ಯಂತ ನಿಧಾನವಾಗಿ ಪ್ರಕಟವಾಗುವುದು ಶಿಕ್ಷಣದ ನಷ್ಟ. ಕರ್ನಾಟಕದಲ್ಲಿ 2020ರ ಮಾರ್ಚಿನಲ್ಲಿ ಮುಚ್ಚಿದ ಪ್ರಾಥಮಿಕ ಶಾಲೆಗಳ 1ರಿಂದ 5ನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದನೆಯ ತರಗತಿಗೆ ಹೆಸರು ಹಚ್ಚಿದ ಮಗು ಶಾಲೆಯ ಕೋಣೆಯನ್ನು ಮೊದಲು ಕಂಡದ್ದು ಎರಡನೆಯ ತರಗತಿಯ ನಡುವರ್ಷದಲ್ಲಿ. ಊರಿನ ಗುಡಿ, ಅರಳಿಕಟ್ಟೆ, ಮರದ ನೆರಳಿಗೆ ಶಿಕ್ಷಕರೇ ಹೋಗಿ ಕಲಿಸುವ ವಿದ್ಯಾಗಮ ಕಾರ್ಯಕ್ರಮವನ್ನು ರಾಜ್ಯವು 2020ರಲ್ಲಿ ಆರಂಭಿಸಿತಾದರೂ ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಸ್ಮಾರ್ಟ್‌ಫೋನು ಇಲ್ಲದ ಅಥವಾ ಇದ್ದ ಒಂದನ್ನು ತಂದೆ ಕೆಲಸಕ್ಕೆ ಕೊಂಡೊಯ್ಯುವ ಮನೆಗಳ ಮಕ್ಕಳಿಗೆ ಆನ್‌ಲೈನ್ ಪಾಠ ದಕ್ಕಲಿಲ್ಲ. ಖಾಸಗಿ ಶಾಲೆಗಳ ಶುಲ್ಕ ಕಟ್ಟಲಾರದೆ ಅನೇಕ ಪೋಷಕರು ಮಕ್ಕಳನ್ನು ಸರ್ಕಾರಿ ಶಾಲೆಗಳಿಗೆ ಸೇರಿಸಿದರು. ಸಂಬಳವಿಲ್ಲದ ಖಾಸಗಿ ಶಾಲಾ ಶಿಕ್ಷಕರು ತರಕಾರಿ ಮಾರಾಟಕ್ಕೂ ಕೂಲಿಗೂ ಇಳಿದರು. ಆ ವರ್ಷಗಳಲ್ಲಿ ಅಕ್ಷರ ಕಲಿಯಬೇಕಾಗಿದ್ದ ಮಕ್ಕಳು ದುಡಿಮೆಗೆ ಬರುವುದು 2030ರ ದಶಕದಲ್ಲಿ.